ನೀರಿನ ರಭಸ, ದೀಪದ ಬೆಳಕು

ಸುಮಾರು 170 ಅಡಿ ಧುಮುಕುವ ಗೋಕಾಕ ಜಲಪಾತದ ಬಲವನ್ನು 1887ರಲ್ಲಿಯೇ ಯಂತ್ರಕ್ಕೆ ಹೂಡಿ, ದಡದ ನೂಲಿನ ಗಿರಣಿಗೆ ಆಧಾರವಾಗಿಸಿದರು. ಆದರೂ “ವಿದ್ಯುತ್ತು ತೆಗೆದ ನೀರಿನಲ್ಲಿ ಸತ್ತ್ವವೆಲ್ಲಿಯದು? ಪೈರಿಗೆ ಅದು ಸಲ್ಲುವುದೆ?” ಎಂಬ ಶಂಕೆ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕೇಳಿಬರುತ್ತಿತ್ತು.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಡಿ ಯಂತ್ರಚಕ್ರಗಳನ್ನು ತಿರುಗಿಸಿದ ಘಟಪ್ರಭೆಯ ನೀರೇ ಧೂಪದಾಳದಿಂದ ಕಾಲುವೆಗಿಳಿದು ಗೋಕಾಕ, ಮೂಡಲಗಿಗಳ ಹೊಲಗಳನ್ನು ಸೇರುತ್ತದೆ. ಆದುದರಿಂದ ಈ ಶಂಕೆಯನ್ನು ನಕ್ಕು ತಳ್ಳುವಂತಿಲ್ಲ, ಪರಿಹರಿಸಬೇಕು.

ಯಂತ್ರವು ನೀರಿನಿಂದ ಪಡೆಯುವುದು ಎತ್ತರದಿಂದ ಬಂದ ರಭಸವನ್ನು ಮಾತ್ರ. ಆ ರಭಸಕ್ಕೆ ಚಕ್ರ ತಿರುಗುತ್ತದೆ. ಚಕ್ರದೊಡನೆ ಅಯಸ್ಕಾಂತ ತಿರುಗುತ್ತದೆ. ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ತು ಹರಿಯುತ್ತದೆ.

ಇದರ ಮರ್ಮವೇನು? 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓರೆಯಾದುದನ್ನು ಕಂಡನು. ವಿದ್ಯುತ್ತಿನಿಂದ ಅಯಸ್ಕಾಂತದ ಗುಣ ಹುಟ್ಟುವುದಾದರೆ, ಅಯಸ್ಕಾಂತದಿಂದ ವಿದ್ಯುತ್ತೇಕೆ ಹುಟ್ಟಬಾರದು? 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಉತ್ತರ ಕಂಡನು. ಸುರುಳಿಯೊಳಗೆ ಅಯಸ್ಕಾಂತ ಸುಮ್ಮನಿದ್ದರೆ ಫಲವಿಲ್ಲ. ಹಿಂದು ಮುಂದು ಚಲಿಸಿದರೆ ಮಾತ್ರ ತಂತಿಯಲ್ಲಿ ವಿದ್ಯುತ್ತು. ಆ ಚಲನೆಯನ್ನು ಒದಗಿಸುವುದೇ ನೀರಿನ ಕೆಲಸ.

ಬಾವಿಯ ಪಂಪಿನಲ್ಲಿ ಇದೇ ಕಥೆ ತಿರುಗುಮುರುಗು: ಅಲ್ಲಿ ವಿದ್ಯುತ್ತು ಅಯಸ್ಕಾಂತಬಲವನ್ನು ಹುಟ್ಟಿಸಿ ಚಕ್ರವನ್ನು ತಿರುಗಿಸುತ್ತದೆ, ನೀರು ಮೇಲೇರುತ್ತದೆ. ಹುಕ್ಕೇರಿಯ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನೇ ಕಟ್ಟಿಕೊಂಡು ಈ ಶಕ್ತಿಯನ್ನು ಮನೆ, ಹೊಲಗಳಿಗೆ ತಂದುಕೊಂಡರು.

ಮನೆಯ ಮಕ್ಕಳು ಕೇಳಿದರೆ ಹಿರಿಯರು ನಿಶ್ಚಿಂತೆಯಿಂದ ಹೇಳಬಹುದು: ನೀರು ಕೊಟ್ಟದ್ದು ತನ್ನ ರಭಸವನ್ನು, ಸತ್ತ್ವವನ್ನಲ್ಲ. ದೀಪ ಬೆಳಗಿಸಿದ ನೀರೇ ಪೈರನ್ನೂ ಬೆಳೆಸುತ್ತದೆ.