‘ಯೂಸನ್ಸ್’ ಶಬ್ದದ ಪೂರ್ವೋತ್ತರ

1600ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದ ಪ್ರಥಮಾಂಕದ ಮೂರನೆಯ ದೃಶ್ಯದಲ್ಲಿ ಶೈಲಾಕನು ‘ಯೂಸನ್ಸ್’ ಎಂಬ ಶಬ್ದವನ್ನು ಮೂರು ಬಾರಿ ಬಳಸುತ್ತಾನೆ. ಇದಕ್ಕೆ ‘ಬಡ್ಡಿ’ ಎಂದು ಅರ್ಥ ಹೇಳಿ ಮುಂದೆ ಸಾಗುವುದುಂಟು. ಅರ್ಥವೇನೋ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಆ ಪಾತ್ರದ ಮನಸ್ಸಿನ ಒಂದು ಎಳೆ ಕೈತಪ್ಪಿಹೋಗುತ್ತದೆ.

ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಶಬ್ದದ ಬೇರು ‘ಬಳಕೆ’ ಎಂಬರ್ಥದ ಲ್ಯಾಟಿನ್ ಶಬ್ದದಲ್ಲಿದೆ. ರೂಢಿ, ಪದ್ಧತಿ ಎಂಬುದು ಇದರ ಹಳೆಯ ಅರ್ಥ. ವರ್ತಕರ ವ್ಯವಹಾರದಲ್ಲಿ, ಒಂದು ಪಟ್ಟಣದಲ್ಲಿ ಬರೆದ ವಿನಿಮಯಪತ್ರಕ್ಕೆ ಮತ್ತೊಂದು ಪಟ್ಟಣದಲ್ಲಿ ಹಣ ಸಲ್ಲಬೇಕಾದ ರೂಢಿಯ ಅವಧಿಗೆ ಈ ಹೆಸರಾಯಿತು. ಲಂಡನ್ನಿಗೂ ಆಮ್‌ಸ್ಟರ್‌ಡಾಮಿಗೂ ನಡುವೆ ಅದು ಒಂದು ತಿಂಗಳು. ಲಂಡನ್ನಿಗೂ ವೆನಿಸ್ಸಿಗೂ ನಡುವೆ ಮೂರು ತಿಂಗಳು. ಪತ್ರದಲ್ಲಿ ‘ಎರಡು ಯೂಸನ್ಸ್’ ಎಂದು ಬರೆದರೆ ಆ ಅವಧಿಯ ಇಮ್ಮಡಿ ಎಂದು ವರ್ತಕರು ತಿಳಿಯುತ್ತಿದ್ದರು.

ಹಣವನ್ನು ಬಳಸಿದ್ದಕ್ಕೆ ಸಲ್ಲುವ ಪ್ರತಿಫಲ ಎಂಬ ಅರ್ಥವೂ ಇದೇ ಶಬ್ದಕ್ಕುಂಟು. ಈ ಎರಡು ಅರ್ಥಗಳು ವಿನಿಮಯಪತ್ರದಲ್ಲಿ ಸಂಧಿಸಿದುವು. ಕ್ರೈಸ್ತ ಧರ್ಮಪೀಠವು ಬಡ್ಡಿಯನ್ನು ಪಾಪವೆಂದು ನಿಷೇಧಿಸಿದ್ದುದರಿಂದ, ವರ್ತಕರು ಆ ಅವಧಿಯ ಲಾಭವನ್ನು ನಾಣ್ಯವಿನಿಮಯದ ದರದಲ್ಲಿ ಅಡಗಿಸುತ್ತಿದ್ದರು. ಇಂಗ್ಲೆಂಡಿನ ಕಾನೂನೂ ತೂಗುಯ್ಯಾಲೆಯಲ್ಲಿತ್ತು. 1545ರ ಶಾಸನವು ಶೇಕಡ 10ರವರೆಗೆ ಅವಕಾಶವಿತ್ತಿತು. 1552ರಲ್ಲಿ ಬಡ್ಡಿಯೆಲ್ಲವೂ ನಿಷಿದ್ಧವಾಯಿತು. 1571ರಲ್ಲಿ ಹಿಂದಿನ ಶಾಸನ ಮರಳಿ ಜಾರಿಗೆ ಬಂದಿತು.

ಇಂಥ ಕಾಲದಲ್ಲಿ ‘ಯೂಷುರಿ’ ಎಂಬುದು ಬೈಗುಳದ ಶಬ್ದ. ‘ಯೂಸನ್ಸ್’ ವ್ಯವಹಾರದ ಶಬ್ದ. ಎರಡರ ಬೇರೂ ಒಂದೇ ಆದರೂ ಮರ್ಯಾದೆ ಬೇರೆ. ಶೈಲಾಕನು ತನ್ನ ವೃತ್ತಿಗೆ ಎರಡನೆಯದನ್ನೇ ಆರಿಸಿಕೊಳ್ಳುತ್ತಾನೆ. ಆಂಟೋನಿಯೋ ತನ್ನನ್ನು ಮೊದಲನೆಯದರಿಂದ ಹುಟ್ಟಿದ ಹೆಸರಿನಿಂದ ಕರೆಯುತ್ತಿದ್ದನೆಂದು ಮೂರನೆಯ ಅಂಕದಲ್ಲಿ ಕಹಿಯಾಗಿ ನೆನೆಯುತ್ತಾನೆ.

ಕನ್ನಡದ ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವ, ಬೆಳೆಯುವುದೆಂಬುದೇ ಅದರ ಮೂಲಾರ್ಥ, ಅದರಲ್ಲಿ ಪಾಪದ ಸೋಂಕಿಲ್ಲ. ಆದುದರಿಂದ ‘ಯೂಸನ್ಸ್’ಗೆ ‘ಬಡ್ಡಿ’ ಯುಕ್ತವೇ. ಆದರೆ ‘ಯೂಷುರಿ’ಗೂ ಅದನ್ನೇ ಬಳಸಿದರೆ ಭೇದ ಅಳಿದುಹೋಗುತ್ತದೆ, ಅಲ್ಲಿ ‘ಬಡ್ಡಿಕೋರತನ’ ಎನ್ನಬೇಕು.

ಬಡ್ಡಿಯೆಂಬ ಅರ್ಥ ಇಂಗ್ಲಿಷಿನಲ್ಲಿ ಬಳಕೆ ತಪ್ಪಿದೆ. ಅವಧಿಯೆಂಬ ಅರ್ಥ ಮಾತ್ರ ಬ್ಯಾಂಕುಗಳ ‘ಯೂಸನ್ಸ್ ಬಿಲ್’ನಲ್ಲಿ ಇಂದಿಗೂ ಉಳಿದಿದೆ. ನಮ್ಮ ಪೇಟೆಗಳು ಈ ಭೇದವನ್ನು ಬಹುಹಿಂದೆಯೇ ಅರಿತಿದ್ದುವು: ಕಂಡೊಡನೆ ಸಲ್ಲುವುದು ದರ್ಶನಿ ಹುಂಡಿ, ಅವಧಿ ಕಳೆದು ಸಲ್ಲುವುದು ಮುದ್ದತಿ ಹುಂಡಿ.