ಸ್ತ್ರೀಸೌಂದರ್ಯದ ಆದರ್ಶ: ಓಲೆಗರಿಯ ಸಾಕ್ಷ್ಯ ಮತ್ತು ಅದರ ಮಿತಿ

ಸ್ತ್ರೀಸೌಂದರ್ಯದ ಆದರ್ಶವು ಎಲ್ಲ ದೇಶಕಾಲಗಳಲ್ಲಿಯೂ ಏಕರೂಪವಾದುದಲ್ಲ. ಆದರೆ ಒಂದು ಕಾಲದ ಆದರ್ಶವನ್ನು ನಿರ್ಣಯಿಸಲು ಹಸ್ತಪ್ರತಿಗಳು ಎಷ್ಟರಮಟ್ಟಿಗೆ ಆಧಾರವಾಗಬಲ್ಲವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾವ್ಯಗಳಲ್ಲಿ ರೂಪವರ್ಣನೆಗೆ ನಿಯತವಾದ ಕ್ರಮವುಂಟು. ದೇವತೆಗಳನ್ನು ಪಾದದಿಂದ ಮೊದಲುಗೊಂಡು, ಮನುಷ್ಯರನ್ನು ಕೇಶದಿಂದ ಮೊದಲುಗೊಂಡು ವರ್ಣಿಸಬೇಕೆಂಬ ಸಂಪ್ರದಾಯವನ್ನು ಕುಮಾರಸಂಭವದ ವ್ಯಾಖ್ಯಾನದಲ್ಲಿ ಮಲ್ಲಿನಾಥನು ಉಲ್ಲೇಖಿಸುತ್ತಾನೆ. ದುಂಬಿಯಂಥ ಮುಂಗುರುಳು, ಕಮಲದಂಥ ಕಣ್ಣು, ಮಲ್ಲಿಗೆಯ ಮೊಗ್ಗಿನಂಥ ಹಲ್ಲು, ಹಂಸದ ನಡೆ ಎಂಬ ಉಪಮಾನಗಳು ಶತಮಾನಗಳುದ್ದಕ್ಕೂ ಮರುಕಳಿಸುತ್ತವೆ. ಇವು ಕವಿಸಮಯಗಳೇ ಹೊರತು ವ್ಯಕ್ತಿಚಿತ್ರಗಳಲ್ಲ. ಬಿಳಿಯ ಹಲ್ಲು ಚೆಲುವೆಂಬುದೂ ಸಾರ್ವತ್ರಿಕವಲ್ಲ. ಜಪಾನಿನ ಹೇಯಾನ್ ಯುಗದಲ್ಲಿ (ಕ್ರಿ.ಶ. 794–1185) ಅರಮನೆಯ ಸ್ತ್ರೀಯರು ಹಲ್ಲುಗಳನ್ನು ಕಪ್ಪಾಗಿಸಿಕೊಳ್ಳುತ್ತಿದ್ದರು; ಸಹಜವಾದ ಹುಬ್ಬನ್ನು ತೆಗೆದು ಹಣೆಯ ಮೇಲೆ ಬೇರೆ ಹುಬ್ಬನ್ನು ಬರೆದುಕೊಳ್ಳುತ್ತಿದ್ದರು.

ಅದೇ ಅವಧಿಯಲ್ಲಿ ಕನ್ನಡದ ಜೈನಕವಿಗಳು ಈ ಕವಿಸಮಯವನ್ನು ಬಳಸಿಕೊಂಡೇ ಅದರ ಬೆಲೆಯನ್ನು ಪರೀಕ್ಷಿಸಿದರು. ಪಂಪನ ಆದಿಪುರಾಣದಲ್ಲಿ (941) ನೃತ್ಯದ ನಡುವೆ ನೀಲಾಂಜನೆಯ ಆಯುಷ್ಯ ಮುಗಿಯುತ್ತದೆ. ಇಂದ್ರನು ಅಂಥದೇ ಮತ್ತೊಂದು ರೂಪವನ್ನು ನಿಲ್ಲಿಸಿದರೂ ವೃಷಭನಾಥನು ಅದನ್ನರಿತು ವಿರಕ್ತನಾಗುತ್ತಾನೆ. ರನ್ನನ ಅಜಿತಪುರಾಣದಲ್ಲಿ (993) ಅತ್ತಿಮಬ್ಬೆಯ ಹಿರಿಮೆಗೆ ದಾನಶೀಲತೆಯೇ ಅಳತೆಗೋಲು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ಕೀರ್ತಿ ಆಕೆಯದು. ಮುಂದೆ ಜನ್ನನ ಯಶೋಧರಚರಿತೆಯಲ್ಲಿ (1209) ರೂಪವತಿಯಾದ ಅಮೃತಮತಿಯು ವಿಕಾರರೂಪಿಯಾದ ಮಾವುತನ ಗಾನಕ್ಕೆ ಸೋಲುತ್ತಾಳೆ.

ಚಿತ್ರಿತ ಪ್ರತಿಗಳಲ್ಲಿ ಮತ್ತೊಂದು ಭೇದ ತೋರುತ್ತದೆ. ಪಶ್ಚಿಮ ಭಾರತದ ಕಲ್ಪಸೂತ್ರದ ಪ್ರತಿಗಳಲ್ಲಿ ಸ್ತ್ರೀಯ ದೂರದ ಕಣ್ಣು ಕೆನ್ನೆಯ ರೇಖೆಯನ್ನು ಮೀರಿ ಚಾಚಿರುತ್ತದೆ, ಮೂಗು ಚೂಪಾಗಿರುತ್ತದೆ. ಮೂಡುಬಿದಿರೆಯಲ್ಲಿರುವ ಹನ್ನೆರಡನೆಯ ಶತಮಾನದ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳಲ್ಲಿಯ ಯಕ್ಷಿಯರಾದರೋ ಹೊಯ್ಸಳ ಶಿಲ್ಪಕ್ಕೆ ಸಮೀಪರು. ಧರ್ಮವೊಂದೇ ಆದರೂ ಪ್ರಾಂತದ ಶೈಲಿಯು ಕಣ್ಣನ್ನೇ ಬೇರೆಯಾಗಿ ರೂಪಿಸಿತು.

ಓಲೆಗರಿಯ ಹೊರಗೂ ಆದರ್ಶಗಳಿದ್ದವು ಎಂಬುದಕ್ಕೆ ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ಉತ್ತಮ ನಿದರ್ಶನ. ಇಲ್ಲಿ ಬರಹದ ಸಂಪ್ರದಾಯಕ್ಕೆ ಕೊರತೆಯಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರೂ, ಹರಿಕಥಾಮೃತಸಾರವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರೂ ಈ ನೆಲದಲ್ಲಿ ಆಗಿಹೋದರು. ಆದರೂ ಈ ಸೀಮೆಯ ಹಳ್ಳಿಗಳ ಹಿರಿಯ ಹೆಂಗಸರ ಹಣೆ, ಗಲ್ಲ, ಮುಂಗೈಗಳಲ್ಲಿ ಕಾಣುವ ಹಚ್ಚೆಗೆ ಕಾವ್ಯದ ಸಿದ್ಧ ಉಪಮಾನಗಳಲ್ಲಿ ಸ್ಥಾನವಿಲ್ಲ. ಹಚ್ಚೆಯು ಅಲಂಕಾರವೂ ಹೌದು, ಸತ್ತಾಗ ಸಂಗಡ ಬರುವ ಒಡವೆಯೆಂಬ ನಂಬಿಕೆಯೂ ಹೌದು. ಕವಿಯು ಕಂಡ ಚೆಲುವಿಗೂ ಸ್ತ್ರೀಯರು ತಾವೇ ಮೆಚ್ಚಿ ಧರಿಸಿದ ಚೆಲುವಿಗೂ ಇರುವ ಅಂತರವು ಇಲ್ಲಿ ವ್ಯಕ್ತವಾಗುತ್ತದೆ.

ಆದ್ದರಿಂದ ರೂಪವರ್ಣನೆಯ ಪದ್ಯವನ್ನು ಸಮಾಜಚರಿತ್ರೆಯ ನೇರ ಆಧಾರವಾಗಿ ಸ್ವೀಕರಿಸುವುದು ಉಚಿತವಲ್ಲ. ಪದ್ಯವು ಕವಿಸಮಯಕ್ಕೆ, ಚಿತ್ರವು ಪ್ರಾಂತೀಯ ಶೈಲಿಗೆ ಸಾಕ್ಷಿ. ರೂಢಿಗೆ ಬಳಕೆದಾರರೇ ಸಾಕ್ಷಿ. ಓಲೆಗರಿಗಳು ಭಂಡಾರಗಳಲ್ಲಿ ಉಳಿದಾವು. ಆದರೆ ಹಚ್ಚೆಯ ರೂಢಿಯು ಕಿರಿಯ ತಲೆಮಾರಿನಲ್ಲಿ ಕುಗ್ಗಿದೆ. ಧರಿಸಿದವರೊಡನೆ ಅಳಿಯುವ ಆ ಲಿಪಿಗೆ ಪ್ರತಿಯಿಲ್ಲ. ಅದರ ವಿನ್ಯಾಸಗಳನ್ನೂ ಹೆಸರುಗಳನ್ನೂ ದಾಖಲಿಸುವ ಕಾರ್ಯವು ಗ್ರಂಥಸಂಪಾದನೆಯಷ್ಟೇ ತ್ವರಿತವಾಗಿ ಆಗಬೇಕಾಗಿದೆ.