ಗೆರೆಯ ಧೂಳು, ಗಡಿಗೆಯ ದನಿ

ಪಂಡಿತ ಭೀಮಸೇನ ಜೋಶಿಯವರು 1933ರಲ್ಲಿ, ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಗದಗದ ಮನೆ ಬಿಟ್ಟು ಹೊರಟ ಕಥೆ ನಿಮಗೆ ಗೊತ್ತಿರಬಹುದು. ಆ ಹಂಬಲವನ್ನು ಹತ್ತಿಸಿದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ಪ್ಲೇಟು ಎಂದು ಹೇಳುತ್ತಾರೆ. ಅದೇ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರ ಹಾಡುಗಳು ಎಚ್.ಎಂ.ವಿ. ಪ್ಲೇಟುಗಳಾಗಿ ಬಂದವು. ಗಂಗೂಬಾಯಿ ಹಾನಗಲ್ಲರ ಹಾಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಮನೆಗಳ ಅಟ್ಟದಲ್ಲಿ, ಗೋಡೆಯ ಗೂಡಿನಲ್ಲಿ ಇಂಥ ಪ್ಲೇಟುಗಳು ಇನ್ನೂ ಸಿಗುವ ಸಂಭವವಿದೆ. ಸಿಕ್ಕಾಗ ಮನೆಯವರು ಮೊದಲು ಮಾಡುವ ಕೆಲಸ ಒರೆಸುವುದು. ಎಷ್ಟೋ ಪ್ಲೇಟುಗಳು ಹಾಳಾಗುವುದು ಆಗಲೇ!

ಹಾಗಾಗದಂತೆ ನೋಡಿಕೊಳ್ಳಲು ಪ್ಲೇಟು ಯಾವ ವಸ್ತುವಿನದು ಎಂಬುದನ್ನು ಮೊದಲು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಭಾರವಾಗಿರುತ್ತದೆ, ಬಾಗುವುದಿಲ್ಲ, ಕೆಳಗೆ ಬಿದ್ದರೆ ಹಂಚಿನಂತೆ ಒಡೆಯುತ್ತದೆ. ಅದನ್ನು ಹಿಡಿದಿಟ್ಟಿರುವ ಅಂಟು ಅರಗು, ಅಂದರೆ ಶೆಲ್ಯಾಕ್. ಮರದ ಕೊಂಬೆಗಳ ಮೇಲೆ ಅರಗಿನ ಕೀಟ ಸ್ರವಿಸುವ ರಾಳ ಇದು. ಇದಕ್ಕೆ ನುಣ್ಣನೆಯ ಕಲ್ಲಿನ ಪುಡಿ ಮತ್ತು ಕಾಡಿಗೆ ಬೆರೆಸಿ ಬಿಸಿಯಲ್ಲಿ ಒತ್ತಿ ಪ್ಲೇಟು ಮಾಡುತ್ತಿದ್ದರು. 1948ರಲ್ಲಿ ಅಮೆರಿಕದಲ್ಲಿ ಬಂದ ಎಲ್.ಪಿ. ಪ್ಲೇಟು ಬೇರೆಯೇ ಜಾತಿಯದು. ಅದು ಪಿ.ವಿ.ಸಿ. ಬಳಗದ ಪ್ಲಾಸ್ಟಿಕ್ಕಿನಿಂದ ಆದದ್ದು, ಸ್ವಲ್ಪ ಬಾಗುತ್ತದೆ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಅರಗಿನ ಪ್ಲೇಟುಗಳು ತಯಾರಾಗುತ್ತಿದ್ದುದರಿಂದ ಒಂದೇ ಮನೆಯ ಕಪಾಟಿನಲ್ಲಿ ಎರಡೂ ಬಗೆ ಬೆರೆತಿರುತ್ತವೆ.

ಬಡಗಿಗಳು ಕಟ್ಟಿಗೆಗೆ ಹೊಳಪು ಕೊಡಲು ಹಚ್ಚುವ ಪಾಲಿಶ್ ಏನೆಂದು ವಿಚಾರಿಸಿದ್ದೀರಾ? ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಅದು. ಎಂದರೆ ಅರಗಿನ ಪ್ಲೇಟಿನ ಮೇಲೆ ಸ್ಪಿರಿಟ್ ಹಾಕಿ ಉಜ್ಜುವವರು ಹಾಡನ್ನೇ ಪಾಲಿಶ್ ಮಾಡಿ ಬಟ್ಟೆಗೆ ಬಳಿದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಎಲ್.ಪಿ.ಯನ್ನು ನೀರು ಬೆರೆಸಿದ ಸ್ಪಿರಿಟ್ಟಿನಿಂದ ಒರೆಸಿದರೆ ಅಷ್ಟು ಅಪಾಯವಿಲ್ಲ. ಅದನ್ನು ಕಂಡವರು ಅದೇ ಶೀಸೆಯನ್ನು 78ರ ಪ್ಲೇಟಿಗೂ ಬಳಸುವುದೇ ತೊಂದರೆಗೆ ಮೂಲ. ಅರಗಿನ ಪ್ಲೇಟಿಗೆ ಯಾವ ಕಾರಣಕ್ಕೂ ಸ್ಪಿರಿಟ್ ಬೇಡ.

ಎರೆಮಣ್ಣಿನ ಧೂಳು

ಈಗ ಗೆರೆಯೊಳಗೆ ಇಳಿಯೋಣ. ಎಲ್.ಪಿ.ಯ ಗೆರೆಯ ಅಗಲ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಪ್ಲೇಟಿನ ಅಂಚಿನಲ್ಲಿ, ಕೇಂದ್ರದಿಂದ 14.6 ಸೆಂ.ಮೀ. ದೂರದಲ್ಲಿ, ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ವೇಗದಲ್ಲಿ ಸಾಗುತ್ತದೆ. ಹತ್ತು ಸಾವಿರ ಹರ್ಟ್ಸ್ ಆವೃತ್ತಿಯ ದನಿಯ ಒಂದು ಅಲೆ ಅಲ್ಲಿ 51 ಮೈಕ್ರಾನ್ ಉದ್ದ ಇರುತ್ತದೆ. ಒಳಗಿನ ಕೊನೆಯ ಗೆರೆಯಲ್ಲಿ, 6 ಸೆಂ.ಮೀ. ದೂರದಲ್ಲಿ, ಅದೇ ಅಲೆ 21 ಮೈಕ್ರಾನಿಗೆ ಕುಗ್ಗುತ್ತದೆ. ಕೊನೆಯ ಹಾಡು ಮೊದಲಿನದಕ್ಕಿಂತ ಒರಟಾಗಿ ಕೇಳುವುದಕ್ಕೆ ಇದೇ ಕಾರಣ.

ಮುಳ್ಳಿನ ಭಾರ ಎರಡೇ ಗ್ರಾಂ ಇರಬಹುದು. ಅದು ಗೆರೆಯನ್ನು ಮುಟ್ಟುವ ಜಾಗ ಒಟ್ಟು 100 ಚದರ ಮೈಕ್ರಾನ್ ಎಂದಿಟ್ಟುಕೊಳ್ಳಿ. ಎರಡು ಗ್ರಾಂ ತೂಕವೆಂದರೆ 0.02 ನ್ಯೂಟನ್. ಭಾಗಿಸಿ ನೋಡಿ: ವಾಯುಮಂಡಲದ ಒತ್ತಡದ ಸುಮಾರು ಎರಡು ಸಾವಿರ ಪಟ್ಟು! ಈ ಒತ್ತಡದ ಅಡಿಗೆ ಒಂದು ಮರಳಿನ ಕಣ ಸಿಕ್ಕರೆ? ಮರಳಿನ ಕ್ವಾರ್ಟ್ಜ್ ಗಾಜಿಗಿಂತ ಗಟ್ಟಿ, ಪ್ಲಾಸ್ಟಿಕ್ ಅದರ ಮುಂದೆ ಬೆಣ್ಣೆ. ಗೆರೆಯ ಗೋಡೆಯಲ್ಲಿ ಒಂದು ಕುಳಿ ಬೀಳುತ್ತದೆ. ಪ್ರತಿ ಸುತ್ತಿಗೂ ಕೇಳುವ ‘ಟಕ್’ ಎಂಬ ಸದ್ದು ಅಂಥ ಕುಳಿಯದು. ಧೂಳನ್ನು ತೆಗೆಯಬಹುದು, ಕುಳಿಯನ್ನು ತುಂಬಲಾಗದು.

ಗದಗ ಸೀಮೆಯ ಧೂಳಿಗೆ ಇನ್ನೊಂದು ಗುಣವಿದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಖನಿಜಗಳು ಹೇರಳ. ಇವುಗಳ ಕಣ ಎರಡು ಮೈಕ್ರಾನಿಗಿಂತ ಚಿಕ್ಕದು. ಅವು ನೀರು ಕುಡಿದು ಉಬ್ಬುತ್ತವೆ. ಬೇಸಿಗೆಯಲ್ಲಿ ಬಿರುಕು ಬಿಡುವ ಹೊಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವುದೂ ಇದರಿಂದಲೇ. ಆದ್ದರಿಂದ ಧೂಳು ತುಂಬಿದ ಪ್ಲೇಟಿಗೆ ನೇರವಾಗಿ ಒದ್ದೆ ಬಟ್ಟೆ ಹಚ್ಚಿದರೆ ಗೆರೆಯೊಳಗೆ ಕೆಸರು ತುಂಬಿ, ಒಣಗಿ, ಕಟ್ಟೆ ಕಟ್ಟುತ್ತದೆ. ಮೊದಲು ಒಣ ಕೆಲಸ: ಮೆತ್ತನೆಯ ಕೂದಲಿನ ಬ್ರಷ್ಷನ್ನು ಗೆರೆಯ ಜೊತೆಗೆ ಸುತ್ತಾಗಿ ಆಡಿಸಿ, ಅಂಚಿನತ್ತ ಎತ್ತಿ ಕೊಡವಿ. ಆಮೇಲೆ ಮಾತ್ರ ನೀರು.

ನೀರು ಯಾವುದು? ಬೋರ್‌ವೆಲ್ ನೀರು ಬೇಡ. ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಅದೇ ಲವಣ ಗೆರೆಯಲ್ಲೂ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಲೀಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ನೀರಿನ ಮೇಲ್ಮೈ ಎಳೆತ ಇಳಿದು ಅದು ಗೆರೆಯ ತಳಕ್ಕೆ ಹೋಗುತ್ತದೆ. ಒರೆಸಿದ ಮೇಲೆ ಬರಿಯ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ ಒರೆಸಿ, ನಿಲ್ಲಿಸಿ ಒಣಗಿಸಿ. ಎಲ್.ಪಿ.ಗೆ ಇಷ್ಟು. ಅರಗಿನ ಪ್ಲೇಟಿಗಾದರೆ ಬಟ್ಟೆಯನ್ನು ಹಿಂಡಿ, ಬರೀ ತೇವ ಉಳಿಸಿ, ಬೇಗ ಒರೆಸಿ ಕೂಡಲೇ ಒಣಗಿಸಬೇಕು. ನೆನೆಯಲು ಬಿಡಬಾರದು. ನಡುವಿನ ಕಾಗದದ ಚೀಟಿ ಎರಡರಲ್ಲೂ ಒದ್ದೆಯಾಗಬಾರದು. ಎಣ್ಣೆ ಸವರುವ ರೂಢಿ ಕೆಲವರಲ್ಲಿದೆ. ಪ್ಲೇಟು ಹೊಳೆಯುತ್ತದೆ ನಿಜ, ಮರುದಿನದಿಂದ ಊರಿನ ಧೂಳೆಲ್ಲ ಅದಕ್ಕೇ!

ಮಾಘ, ಫಾಲ್ಗುಣದ ಒಣ ಗಾಳಿಯಲ್ಲಿ ಪ್ಲಾಸ್ಟಿಕ್ ಪ್ಲೇಟನ್ನು ಚೀಲದಿಂದ ಎಳೆದರೆ ಚಟಪಟ ಸದ್ದು ಕೇಳುತ್ತದೆ. ಘರ್ಷಣೆಯಿಂದ ಪಿ.ವಿ.ಸಿ. ಋಣ ವಿದ್ಯುದಂಶ ಪಡೆದು ಧೂಳನ್ನು ಸೆಳೆಯುತ್ತದೆ. ತೇವ ಇರುವ ದಿನಗಳಲ್ಲಿ ಈ ಕಾಟ ಕಡಿಮೆ, ಆದರೆ ಬೂಷ್ಟು ಹೆಚ್ಚು. ಇಡಲು ಒಳ್ಳೆಯ ಜಾಗ ಯಾವುದೆಂದರೆ, ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆಯೊಳಗಿನ ಗೂಡು. ಹಗಲಿನ ಬಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮಾಳಿಗೆಯಿಂದ ಉದುರುವ ಮಣ್ಣಿಗೆ ಮಾತ್ರ ಒಂದು ಬಾಗಿಲು ಬೇಕು. ತಗಡಿನ ಚಾವಣಿಯ ಕೆಳಗಿನ ಅಟ್ಟ ಅತಿ ಕೆಟ್ಟ ಜಾಗ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎಲ್.ಪಿ. ಮೆತ್ತಗಾಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪ್ಲೇಟುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ.

ಮುಳ್ಳಿನ ವಿಷಯದಲ್ಲಿ ಒಂದೇ ಎಚ್ಚರಿಕೆ. 78ರ ಗೆರೆ ಎಲ್.ಪಿ.ಯದಕ್ಕಿಂತ ಎರಡು-ಮೂರು ಪಟ್ಟು ಅಗಲ. ಎಲ್.ಪಿ. ಮುಳ್ಳು ಅದರ ತಳದಲ್ಲಿ ಕಸ ಕೆದಕುತ್ತ ಓಡುತ್ತದೆ. ಅದಕ್ಕೆ ದಪ್ಪ ತುದಿಯ ಬೇರೆ ಮುಳ್ಳೇ ಬೇಕು. ಚಾವಿ ಕೊಡುವ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಒಂದೊಂದು ಬದಿಗೂ ಬದಲಿಸುತ್ತಿದ್ದರು. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನು ಮಸೆದು ಗೆರೆಯ ಆಕಾರಕ್ಕೆ ತರಲಿ ಎಂಬುದೇ ಆ ಏರ್ಪಾಡು. ಜಾಣತನದ ಏರ್ಪಾಡೇ ಸರಿ, ಆದರೆ ಅಪರೂಪದ ಪ್ಲೇಟನ್ನು ಇನ್ನು ಅದರಲ್ಲಿ ಹಾಕಬಾರದು.

ಪ್ಲೇಯರ್‌ನ ವೇಗ ಸರಿಯಿದೆಯೇ? ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಗಾಯಕರ ಷಡ್ಜ ಹಾರ್ಮೋನಿಯಂನ ಒಂದು ಮನೆ ಮೇಲೇರುತ್ತದೆ. ಪರೀಕ್ಷೆಗೆ ಕೋನಮಾಪಕ ಸಾಕು. ಬಿಳಿ ರಟ್ಟಿನ ವೃತ್ತದ ಅಂಚಿಗೆ 2 ಡಿಗ್ರಿಗೊಂದರಂತೆ 180 ಕಪ್ಪು ಗೆರೆ ಎಳೆಯಿರಿ. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರ ಬೆಳಕಿನಲ್ಲಿ ಎಲ್.ಪಿ. ವೇಗದಲ್ಲಿ ತಿರುಗುವ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. 78ಕ್ಕೆ 77 ಗೆರೆ ಬೇಕು. ಏಕೆಂದು ವಿದ್ಯಾರ್ಥಿಗಳೇ ಲೆಕ್ಕ ಮಾಡಲಿ. ಬೆಟಗೇರಿಯಂಥ ನೇಕಾರರ ಊರಿನಲ್ಲಿ ಪಕ್ಕದ ಮನೆಯ ವಿದ್ಯುತ್ ಮಗ್ಗದ ನಡುಕ ನೆಲದ ಮೂಲಕ ಮುಳ್ಳಿಗೆ ಹತ್ತಬಹುದು. ಅರೆಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಪ್ಲೇಯರ್ ಇಟ್ಟರೆ ನಡುಕ ಬಹಳಷ್ಟು ತಗ್ಗುತ್ತದೆ.

ಗಡಿಗೆಯೊಳಗಿನ ಸ್ಪೀಕರ್

ರೇಡಿಯೊ ಸ್ಪೀಕರನ್ನು ಗಡಿಗೆಯ ಬಾಯಿಗೆ ಇಟ್ಟು ಹಾಡು ಕೇಳುತ್ತಿದ್ದವರನ್ನು ನಿಮ್ಮ ಹಿರಿಯರು ನೆನೆಯುತ್ತಾರೆ. ನಗುವ ವಿಷಯವಲ್ಲ. ಕೆಟ್ಟ ರೇಡಿಯೊದ ನಾಲ್ಕಿಂಚಿನ ಸ್ಪೀಕರನ್ನು ಬರಿದಾಗಿ ನುಡಿಸಿ, ದನಿ ಕೀರಲು. ಈಗ ಒಂದು ಮೀಟರ್ ಅಗಲದ ರಟ್ಟಿನ ನಡುವೆ ತೂತು ಕೊರೆದು ಅದಕ್ಕೆ ಸ್ಪೀಕರ್ ಒತ್ತಿ ಹಿಡಿಯಿರಿ. ತಬಲಾದ ಎಡ, ತಂಬೂರಿಯ ಖರಜ ಒಮ್ಮೆಲೇ ಎದ್ದು ಬರುತ್ತವೆ. ಕಾಗದದ ಶಂಕು ಮುಂದೆ ತಳ್ಳಿದಾಗ ಮುಂದೆ ಸಂಪೀಡನ, ಹಿಂದೆ ವಿರಳನ. 100 ಹರ್ಟ್ಸ್ ದನಿಯ ತರಂಗದೂರ ಮೂರೂವರೆ ಮೀಟರ್ ಇರುವುದರಿಂದ, ಹಿಂದಿನ ಅಲೆ ಅಂಚು ಬಳಸಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. 10,000 ಹರ್ಟ್ಸ್‌ನ ತರಂಗದೂರ ಮೂರೂವರೆ ಸೆಂ.ಮೀ. ಮಾತ್ರ, ಅದಕ್ಕೆ ಈ ಗತಿ ಇಲ್ಲ. ರಟ್ಟು ಮಾಡಿದ್ದು ಎರಡು ಅಲೆಗಳನ್ನು ಬೇರೆ ಇಟ್ಟದ್ದು ಅಷ್ಟೆ. ತರಗತಿಯಲ್ಲಿ ಇದಕ್ಕಿಂತ ಸುಲಭವಾಗಿ ಪ್ರಾವಸ್ಥೆಯನ್ನು ತೋರಿಸುವ ಪ್ರಯೋಗ ಸಿಗಲಾರದು.

ಗಡಿಗೆಯ ಬಾಯನ್ನು ಸ್ಪೀಕರ್ ಪೂರ್ತಿ ಮುಚ್ಚಿದರೆ ಹಿಂದಿನ ಅಲೆ ಒಳಗೇ ಸೆರೆ. ದುಂಡಗಿನ ಗೋಡೆ ಸಪಾಟು ಹಲಗೆಯಂತೆ ಸುಲಭವಾಗಿ ನಡುಗದು. ಗೋಳಾಕಾರದ ಪೆಟ್ಟಿಗೆಯಿಂದ ದನಿ ಅತ್ಯಂತ ನಯವಾಗಿ ಹೊರಡುತ್ತದೆ ಎಂದು ಅಮೆರಿಕದ ಹ್ಯಾರಿ ಓಲ್ಸನ್ 1951ರಲ್ಲೇ ತೋರಿಸಿದ್ದರು. ಆದರೆ ಒಳಗಿನ ಗಾಳಿ ಒಂದು ಸ್ಪ್ರಿಂಗು. ಗಡಿಗೆ ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ. ಗಾಳಿಯ ಬಿಗಿ ಶಂಕುವಿನ ಬಿಗಿಗೆ ಸಮವಾದರೆ, 100 ಹರ್ಟ್ಸ್‌ನಲ್ಲಿದ್ದ ಸ್ಪೀಕರಿನ ಸಹಜ ಆವೃತ್ತಿ 141ಕ್ಕೆ ಏರುತ್ತದೆ. ಕೆಳಗಿನ ದನಿ ಅಷ್ಟು ಕಳೆದುಹೋಯಿತು. ಹತ್ತಿ ಬೆಳೆಯುವ ಸೀಮೆಯವರು ಇದಕ್ಕೆ ಹೊರಗೆ ಹುಡುಕಬೇಕಿಲ್ಲ: ಗಡಿಗೆಯೊಳಗೆ ಹಿಂಜಿದ ಅರಳೆಯನ್ನು ಸಡಿಲವಾಗಿ ತುಂಬಿ. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ಆ ಬಿಸಿಯನ್ನು ಎಳೆಗಳು ಹೀರುವುದರಿಂದ ಒತ್ತಡ ಮೊದಲಿನಷ್ಟು ಏರುವುದಿಲ್ಲ. ಗಡಿಗೆ ದೊಡ್ಡದಾದಂತೆ ವರ್ತಿಸುತ್ತದೆ. ಒಳಗೆ ಪುಟಿಯುವ ನಡುದನಿಯನ್ನೂ ಅರಳೆ ನುಂಗುತ್ತದೆ. ಸ್ಪೀಕರ್ ಮತ್ತು ಗಡಿಗೆಯ ಕಂಠದ ನಡುವೆ ಸೈಕಲ್ ಟ್ಯೂಬಿನ ಬಳೆ ಹಾಕಿ ಗಾಳಿ ಸೋರದಂತೆ ಮಾಡಿ.

ಹಿರಿಯರ ಗಡಿಗೆ ‘ಗುಂಯ್’ ಎನ್ನುತ್ತಿದ್ದುದು ಬಾಯಿ ತೆರೆದಿದ್ದಾಗ. ಆಗ ಅದು ಹೆಲ್ಮ್‌ಹೋಲ್ಟ್ಸ್ ಅನುರಣಕ. ಕಂಠದ ಗಾಳಿ ತೂಕದ ಗುಂಡು, ಹೊಟ್ಟೆಯ ಗಾಳಿ ಸ್ಪ್ರಿಂಗು. ಆವೃತ್ತಿ ತಿಳಿಯಲು ಬಾಯಿಯ ವಿಸ್ತೀರ್ಣವನ್ನು ಹೊಟ್ಟೆಯ ಗಾತ್ರ ಮತ್ತು ಕಂಠದ ಪರಿಣಾಮಕಾರಿ ಉದ್ದಗಳ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, ಶಬ್ದದ ವೇಗದಿಂದ ಗುಣಿಸಿ, 2π ಇಂದ ಭಾಗಿಸಬೇಕು. 15 ಲೀಟರ್ ಗಡಿಗೆ, 10 ಸೆಂ.ಮೀ. ವ್ಯಾಸದ ಬಾಯಿ, 12 ಸೆಂ.ಮೀ. ಪರಿಣಾಮಕಾರಿ ಕಂಠ, ಬೇಸಿಗೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್ ಎಂದರೆ ಉತ್ತರ 116 ಹರ್ಟ್ಸ್. ಈಗ ನಾಲ್ಕೂವರೆ ಲೀಟರ್ ನೀರು ಸುರಿಯಿರಿ. ಉತ್ತರ 139 ಹರ್ಟ್ಸ್. ಕರಿ ಒಂದರಲ್ಲಿ ಹಾಡುವ ಗಂಡು ಗಾಯಕರ ಷಡ್ಜ ಅದು! ಮೊಬೈಲಿನ ಟೋನ್ ಜನರೇಟರ್ ಹಚ್ಚಿ ಗಡಿಗೆಯ ಬಾಯಿಯ ಬಳಿ ಹಿಡಿದು ಆವೃತ್ತಿಯನ್ನು ಮೆಲ್ಲಗೆ ಏರಿಸಿದರೆ, ಯಾವಾಗ ದನಿ ಉಬ್ಬುತ್ತದೆಂದು ಕಿವಿಯೇ ಹೇಳುತ್ತದೆ. ಲೆಕ್ಕಕ್ಕೂ ಕಿವಿಗೂ ಸ್ವಲ್ಪ ಅಂತರ ಬರುವುದು ಸಹಜ, ಗಡಿಗೆಗಳು ಕಾರ್ಖಾನೆಯಲ್ಲಿ ಆದವಲ್ಲ. ತೆರೆದ ಗಡಿಗೆ ಒಂದು ಸ್ವರವನ್ನು ಮಾತ್ರ ಉಬ್ಬಿಸುತ್ತದೆ, ಹಾಗಾಗಿ ಸಂಗೀತ ಕೇಳಲು ನನ್ನ ಮತ ಮುಚ್ಚಿದ, ಅರಳೆ ತುಂಬಿದ ಗಡಿಗೆಗೆ.

ಎಲ್.ಪಿ.ಗಳನ್ನು ಮುದ್ರಿಸುವಾಗ ಕೆಳದನಿಯನ್ನು ತಗ್ಗಿಸಿ, ಮೇಲ್ದನಿಯನ್ನು ಏರಿಸಿರುತ್ತಾರೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ ಪ್ಲೇಯರ್‌ಗೆ ಇದನ್ನು ಸರಿಪಡಿಸುವ ಫೋನೊ ಪ್ರಿಆಂಪ್ ಬೇಕು. ಅದಿಲ್ಲದೆ ಕಂಪ್ಯೂಟರಿಗೆ ಜೋಡಿಸಿದರೆ ಸೊಳ್ಳೆಯ ದನಿ ಬರುತ್ತದೆ. ನಕಲು ಮಾಡುವಾಗ ಎಂ.ಪಿ. 3 ಬಿಟ್ಟು ವೇವ್ ಕಡತವಾಗಿ ಉಳಿಸಿ, ‘ಟಕ್’ ಸದ್ದುಗಳನ್ನು ತೆಗೆಯುವ ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಹಾಗೇ ಇಡಿ. ಚೀಟಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಚೀಟಿಯ ಸುತ್ತ, ಗೆರೆ ಮುಗಿದ ನುಣುಪು ಜಾಗದಲ್ಲಿ, ಸಣ್ಣ ಅಕ್ಷರ ಮತ್ತು ಅಂಕೆಗಳನ್ನು ಒತ್ತಿರುತ್ತಾರೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತವೆ. ಚೀಟಿ ಹರಿದುಹೋದ ಪ್ಲೇಟನ್ನು ಕೂಡ ಆ ಅಂಕೆಯಿಂದ ಗುರುತಿಸಬಹುದಾದ್ದರಿಂದ ಅದನ್ನೂ ಬರೆದುಕೊಳ್ಳಿ.